ಈಜುಕೊಳದ ನೀರು ಹಸಿರಾಗಿದೆ, ಏಪ್ರಿಲ್‌ನಲ್ಲಿ ಮೊಮ್ಮಕ್ಕಳು ಬರುತ್ತಾರೆ

ಅಡಕೆಮನೆ (ಮಾರ್ಚ್ 11, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು. ಎರಡು ವರ್ಷದ ಕೆಳಗೆ ಮಗನ ಒತ್ತಾಯಕ್ಕೆ, ಮೊದಲು ಹುಲ್ಲುಬಣವೆ ಹಾಕುತ್ತಿದ್ದ ಜಾಗದಲ್ಲಿ ಒಂದು ಈಜುಕೊಳ ಕಟ್ಟಿಸಿದೆ. ಉದ್ದ 8 ಮೀಟರ್, ಅಗಲ 4. ಒಂದು ತುದಿಯಲ್ಲಿ ಮೂರೂವರೆ ಅಡಿ, ಇನ್ನೊಂದು ತುದಿಯಲ್ಲಿ ಐದು ಅಡಿ ಆಳ. ಬೋರ್‌ವೆಲ್ ನೀರು. ಕಟ್ಟಿದವರು ಒಂದು ಡಬ್ಬ ಬಿಳಿ ಮಾತ್ರೆ ಕೊಟ್ಟು, ವಾರಕ್ಕೆ ಎರಡು ಹಾಕಿ, ಬೇರೇನೂ ಬೇಡ ಅಂದಿದ್ದರು. ಹಾಗೇ ಮಾಡುತ್ತಾ ಬಂದೆ. ಈಗ ಫೋನ್ ಮಾಡಿದರೆ ಎತ್ತುವುದಿಲ್ಲ.

ಶಿವರಾತ್ರಿ ಕಳೆದ ಮೇಲೆ ನೀರು ಹಸಿರಾಗಿದೆ. ಹಸಿರು ಅಂದರೆ ಕೆರೆ ಹಸಿರು. ಎರಡನೇ ಮೆಟ್ಟಿಲು ಕಾಣುವುದಿಲ್ಲ. ಮಾತ್ರೆ ನಾಲ್ಕಕ್ಕೆ ಏರಿಸಿದೆ, ಪ್ರಯೋಜನ ಇಲ್ಲ. ವಿಚಿತ್ರ ಏನಂದರೆ, ಅವರು ಕೊಟ್ಟ ಪರೀಕ್ಷೆ ಡಬ್ಬಿಯಲ್ಲಿ ಹನಿ ಹಾಕಿದರೆ ಚೆನ್ನಾಗಿ ಹಳದಿ ಬರುತ್ತದೆ, ಅಂದರೆ ಕ್ಲೋರಿನ್ ಇದೆ. ಪಕ್ಕದ ಕೆಂಪು ಹನಿಯದು ಕೆಂಪಾಗುವ ಬದಲು ತಿಳಿ ಹಳದಿಯಾಗುತ್ತದೆ. ಏಪ್ರಿಲ್ ಮೊದಲ ವಾರ ಮೊಮ್ಮಕ್ಕಳು ಬರುತ್ತಾರೆ, ಒಂಬತ್ತು, ಆರು, ಮೂರು ವರ್ಷದವರು. ನೀರು ಪೂರ್ತಿ ಖಾಲಿ ಮಾಡಿ ಹೊಸದು ತುಂಬಿಸಿಬಿಡಲೇ?

ಧಾರವಾಡ ಪೇಢೆ (ಮಾರ್ಚ್ 11)

ಅಜ್ಜಾರ, ಖಾಲಿ ಮಾಡೂದು ಯಾಕ್ರಿ. ಮೈಲುತುತ್ತ ಒಗೀರಿ, ಎರಡ ದಿನದಾಗ ಪಾಚಿ ಸಾಯತೈತಿ. ನಮ್ಮ ಕಾಕಾನ ತ್ವಾಟದ ಟಾಕಿಗೆ ಅದನ್ನ ಹಾಕ್ತಾರ.

ಅಡಕೆಮನೆ

ಅದನ್ನೂ ಮಾಡಿ ಆಯಿತು ಮಾರಾಯರೆ! ಕೊಳೆರೋಗಕ್ಕೆ ಅಂತ ತಂದದ್ದು ಕೊಟ್ಟಿಗೆ ಅಟ್ಟದಲ್ಲಿ ಇದ್ದೇ ಇತ್ತು. ಡಿಸೆಂಬರ್‌ನಲ್ಲಿ ಸುಮಾರು ಕಾಲು ಕಿಲೋ ಕರಗಿಸಿ ಸುರಿದೆ. ಎರಡು ತಿಂಗಳು ನೀರು ಚೆನ್ನಾಗಿತ್ತು.

ರಸಾಯನ ಮೇಷ್ಟ್ರು (ಮಾರ್ಚ್ 11, ಸಂಜೆ)

ನಿವೃತ್ತ ಮೇಷ್ಟ್ರು ನಾನು, ಹಾಸನದವನು. ಲೆಕ್ಕ ಕಂಡರೆ ಕೈ ಸುಮ್ಮನಿರುವುದಿಲ್ಲ, ಕ್ಷಮಿಸಿ.

ನಿಮ್ಮ ಕೊಳದ ಸರಾಸರಿ ಆಳ 1.3 ಮೀಟರ್. 8 × 4 × 1.3 ಅಂದರೆ 41.6 ಘನ ಮೀಟರ್, ಹತ್ತಿರ ಹತ್ತಿರ 42,000 ಲೀಟರ್. ಈ ಸಂಖ್ಯೆಯನ್ನು ಪಂಪ್ ಮನೆಯ ಗೋಡೆಗೆ ಪೇಂಟಿನಲ್ಲಿ ಬರೆದಿಡಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಈ ನೀರಿಗೆ 1 ಪಿಪಿಎಂ (ಲೀಟರಿಗೆ ಒಂದು ಮಿಲಿಗ್ರಾಂ) ಕ್ಲೋರಿನ್ ಬೇಕೆಂದರೆ 42 ಗ್ರಾಂ ಅಪ್ಪಟ ಕ್ಲೋರಿನ್. ಶೇ 10ರ ದ್ರವ ಹೈಪೋಕ್ಲೋರೈಟ್ (ದ್ರವ ರೂಪದ ಕ್ಲೋರಿನ್) ಆದರೆ 420 ಮಿಲಿಲೀಟರ್.

ಈಗ ನಿಮ್ಮ ಬಿಳಿ ಮಾತ್ರೆ. ಅದು ಟಿಸಿಸಿಎ (ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ), ಡಬ್ಬದ ಮೇಲೆ 90 ಅಂತ ಬರೆದಿರುತ್ತದೆ. ಅದರೊಳಗೆ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಮ್ಲವೂ ಇದೆ. ಈ ಆಮ್ಲ ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ತಡೆಯುತ್ತದೆ, ಆದ್ದರಿಂದ 30–50 ಪಿಪಿಎಂ ಇದ್ದರೆ ಒಳ್ಳೆಯದೇ. ಆದರೆ ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಈ ಆಮ್ಲ ಹೋಗುವುದಿಲ್ಲ. ಟಿಸಿಸಿಎ ಮೂಲಕ 10 ಪಿಪಿಎಂ ಕ್ಲೋರಿನ್ ಹಾಕಿದಾಗೆಲ್ಲ 6 ಪಿಪಿಎಂ ಸಯನ್ಯೂರಿಕ್ ಉಳಿಯುತ್ತದೆ. 200 ಗ್ರಾಂನ ಎರಡು ಮಾತ್ರೆ ಅಂದುಕೊಂಡರೆ ನಿಮ್ಮಲ್ಲಿ ವಾರಕ್ಕೆ 5 ಪಿಪಿಎಂ ಸೇರುತ್ತಿದೆ. ಮಳೆಗಾಲದಲ್ಲಿ ಕೊಳ ತುಂಬಿ ಹರಿದು ಒಂದಷ್ಟು ತೊಳೆದು ಹೋಗಿರುತ್ತದೆ. ನವೆಂಬರಿನಿಂದ ಈಚೆಗಿನದೇ 80–90 ಆಗಿರಬೇಕು. ಅಷ್ಟಾದರೆ ಕ್ಲೋರಿನ್ ಅದಕ್ಕೆ ಅಂಟಿಕೊಂಡು ಕೂರುತ್ತದೆ, ಕೆಲಸಕ್ಕೆ ಇಳಿಯುವುದಿಲ್ಲ. ನಿಮ್ಮ ಹಳದಿ ಹನಿ ಪರೀಕ್ಷೆ ಒಟ್ಟು ಕ್ಲೋರಿನ್ ತೋರಿಸುತ್ತದೆ, ಬಿಡುವಾಗಿರುವ ಕ್ಲೋರಿನ್ ಎಷ್ಟು ಅಂತ ಹೇಳುವುದಿಲ್ಲ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತರಿಸಿಕೊಳ್ಳಿ.

ಕೆಂಪು ಹನಿ ಹಳದಿಯಾಯಿತು ಅಂದರೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 6.8 ಅಥವಾ ಇನ್ನೂ ಕೆಳಗೆ. ಟಿಸಿಸಿಎ ಹುಳಿ ಸ್ವಭಾವದ್ದು, ನಿಮ್ಮ ಕಡೆ ಮಳೆನೀರು ಮೆದು. ಎರಡೂ ಸೇರಿ ಹಾಗಾಗಿದೆ. 7.2ರಿಂದ 7.8ರ ನಡುವೆ ಇರಬೇಕು.

ಮೈಲುತುತ್ತದ ವಿಷಯ. ಕಾಲು ಕಿಲೋದಲ್ಲಿ 64 ಗ್ರಾಂ ತಾಮ್ರ ಇದೆ. ಅಂದರೆ ನಿಮ್ಮ ನೀರಲ್ಲಿ 1.5 ಪಿಪಿಎಂ. ಪಾಚಿಗೆ ಇದರ ಕಾಲು ಭಾಗ ಸಾಕಿತ್ತು. ಈಗ ಅದು ಹುಳಿ ನೀರಿನಲ್ಲಿ ಕರಗಿ ಕೂತಿದೆ. ಸೋಡಾ ಹಾಕಿ ಪಿಎಚ್ ಏರಿಸಿದಿರೋ, ತಾಮ್ರ ಒಡೆದು ಟೈಲ್ಸ್ ಸಂದಿಗಳಲ್ಲಿ ಕಪ್ಪು ಹಸಿರು ಕಲೆಯಾಗಿ ಕೂರುತ್ತದೆ. ಹಾಗಾಗಿ ಮೊದಲು ಅರ್ಧ ನೀರು ಬದಲಿಸಿ. ಸಯನ್ಯೂರಿಕ್ಕೂ ಅರ್ಧ, ತಾಮ್ರವೂ ಅರ್ಧ. ಈ ಎರಡಕ್ಕೂ ಮನೆಯಲ್ಲಿ ಮಾಡಬಹುದಾದ ಔಷಧಿ ಅದೊಂದೇ.

ಪಂಪ್‌ರೂಮ್ ಮೈಸೂರು (ಮಾರ್ಚ್ 11, ರಾತ್ರಿ)

ಮೇಷ್ಟ್ರು ಹೇಳಿದ್ದು ಸರಿ. ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ಕೊಂಡಿರೋನು, ಮೈಸೂರು ಸುತ್ತಮುತ್ತ ಮನೆ ಕೊಳಗಳು.

ಸಾರ್, ಪೂರ್ತಿ ಖಾಲಿ ಮಾತ್ರ ಮಾಡಬೇಡಿ. ಈಗ ಮಾರ್ಚ್, ನೆಲ ಒಣಗಿದೆ, ಏನೂ ಆಗದೇ ಇರಬಹುದು. ಆದರೆ ಇದನ್ನ ಅಭ್ಯಾಸ ಮಾಡ್ಕೊಂಡು ಆಗಸ್ಟಲ್ಲಿ ಖಾಲಿ ಮಾಡಿದ್ರೆ ಕಥೆ ಬೇರೆ. ಮಲೆನಾಡಲ್ಲಿ ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲಕ್ಕೆ ಬಂದಿರುತ್ತೆ. ಕೊಳದ ಒಳಗಿನ ನೀರಿನ ಭಾರ ತೆಗೆದ್ರೆ ಕೆಳಗಿನ ನೀರು ಇಡೀ ತೊಟ್ಟಿಯನ್ನೇ ಎತ್ತುತ್ತೆ. ಫೈಬರ್ ತೊಟ್ಟಿ ಆದ್ರೆ ದೋಣಿ ಥರ ಎದ್ದು ನಿಲ್ಲುತ್ತೆ, ಕಾಂಕ್ರೀಟ್ ಆದ್ರೆ ತಳ ಬಿರುಕು ಬಿಡುತ್ತೆ. ಸಕಲೇಶಪುರ ಹತ್ತಿರ ಗದ್ದೆ ಅಂಚಿನಲ್ಲಿ ಕಟ್ಟಿದ್ದ ಒಂದು ಫೈಬರ್ ಕೊಳ ಒಂದು ಮೂಲೆ ಒಂದಡಿ ಮೇಲೆ ಬಂದದ್ದನ್ನ ನಾನೇ ನೋಡಿದ್ದೀನಿ.

ಅರ್ಧ ತೆಗೀರಿ. ಆ ನೀರನ್ನ ಅಡಕೆ ತೋಟಕ್ಕೆ ಹರಡಿ ಬಿಡಿ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋ ತೋಟಕ್ಕೆ ಆ ತಾಮ್ರ ಲೆಕ್ಕಕ್ಕೇ ಇಲ್ಲ. ಹಳ್ಳಕ್ಕೆ ಬಿಡಬೇಡಿ, ಮೀನು ಸಾಯ್ತವೆ. ಆಮೇಲೆ ಹೊಸ ನೀರು. ಆಮೇಲೆ ಅಡುಗೆ ಸೋಡಾ. ಕ್ಷಾರತೆ (ಪಿಎಚ್ ಏರಿಳಿಯದ ಹಾಗೆ ಹಿಡಿಯೋ ಗುಣ) 80ರಿಂದ 120 ಪಿಪಿಎಂ ಬೇಕು. ನಿಮ್ಮ ಕೊಳಕ್ಕೆ 10 ಪಾಯಿಂಟ್ ಏರಿಸೋಕೆ ಸುಮಾರು 700 ಗ್ರಾಂ. ಒಂದೇ ದಿನ ಎಲ್ಲಾ ಸುರಿಬೇಡಿ, ಒಂದೊಂದೂವರೆ ಕಿಲೋ ಹಾಕಿ, ಮಾರನೇ ದಿನ ಅಳೆದು ನೋಡಿ.

ಆಮೇಲೆ ದ್ರವ ಹೈಪೋ. ಸಂಜೆ ಸೂರ್ಯ ಮುಳುಗಿದ ಮೇಲೆ ನಾಲ್ಕು ಲೀಟರ್ ಸುತ್ತ ಸುರೀರಿ, ಪಂಪ್ ಓಡ್ತಾ ಇರ್ಲಿ. ಗೋಡೆ, ಮೆಟ್ಟಿಲು ಸಂದಿ, ಲೈಟಿನ ಹಿಂದೆ ಬ್ರಷ್ ಹಾಕಿ ಉಜ್ಜಿ, ಉಜ್ಜದಿದ್ದರೆ ಪಾಚಿ ಮೇಲಿನ ಪೊರೆ ಕ್ಲೋರಿನ್‌ಗೆ ಬಾಗಿಲು ತೆಗೆಯಲ್ಲ. ಮಾರನೇ ದಿನ ಎರಡು ಸಲ ಅಳೀರಿ, ಇಳಿದಷ್ಟೂ ಹಾಕಿ. ರಾತ್ರಿ ಅಳೆದದ್ದು ಬೆಳಿಗ್ಗೆ 1 ಪಿಪಿಎಂಗಿಂತ ಹೆಚ್ಚು ಇಳೀದೇ ಇದ್ರೆ ಪಾಚಿ ಸತ್ತಿದೆ ಅಂತ. ಹಸಿರು ಹೋಗಿ ಮಜ್ಜಿಗೆ ನೀರಿನ ಥರ ಬೂದು ಆಗುತ್ತೆ, ಹೆದರಬೇಡಿ, ಅದು ಸತ್ತ ಪಾಚಿ. ಪಂಪ್ ಇಡೀ ದಿನ ಓಡಲಿ. ಈಗ ದಿನಕ್ಕೆ ಎಷ್ಟು ಹೊತ್ತು ಹಾಕ್ತೀರಿ?

ಅಡಕೆಮನೆ

ಎರಡು ಗಂಟೆ. ಕರೆಂಟ್ ಬಿಲ್ಲು ನೋಡಿ ಮನೆಯವಳು ಒಂದು ಗಂಟೆಗೆ ಇಳಿಸು ಅನ್ನುತ್ತಿದ್ದಾಳೆ.

ಪಂಪ್‌ರೂಮ್ ಮೈಸೂರು

ಅಲ್ಲೇ ಇದೆ ಮೂಲ. ಒಂದು ಎಚ್‌ಪಿ ಪಂಪ್ ಗಂಟೆಗೆ 10–12 ಸಾವಿರ ಲೀಟರ್ ತಳ್ಳಿದ್ರೆ ಹೆಚ್ಚು. ನಿಮ್ಮ ನೀರು ಒಂದು ಸಲ ಫಿಲ್ಟರ್ ದಾಟೋಕೇ ನಾಲ್ಕು ಗಂಟೆ. ಬೇಸಿಗೆಯಲ್ಲಿ ಆರು ಗಂಟೆ ಓಡಿಸಿ, ದಿನಕ್ಕೆ ನಾಲ್ಕೂವರೆ ಐದು ಯೂನಿಟ್ ಆಗುತ್ತೆ. ಅಮ್ಮನಿಗೆ ಹೇಳಿ, ಟ್ಯಾಂಕರ್ ನೀರಿಗಿಂತ ಅಗ್ಗ.

ಸಿಡ್ನಿ ಕನ್ನಡತಿ (ಮಾರ್ಚ್ 12)

ಅಂಕಲ್, ಎಲ್ಲರೂ ನೀರಿನ ಬಗ್ಗೆ ಹೇಳಿದ್ದಾರೆ. ನಾನು ಬೇರೆ ಕೇಳ್ತೀನಿ. ಮೂರು ವರ್ಷದ ಮಗು ಬರುತ್ತೆ ಅಂದಿರಿ. ಕೊಳಕ್ಕೆ ಬೇಲಿ ಇದೆಯಾ?

ಅಡಕೆಮನೆ

ಬೇಲಿ ಇಲ್ಲಮ್ಮ. ಅಂಗಳದಿಂದ ನೇರ ದಾರಿ. ನಾಯಿ ಇದೆ. ಮನೆಯಲ್ಲಿ ಹತ್ತು ಜನ ಇರುತ್ತೇವೆ, ಯಾರಾದರೂ ನೋಡುತ್ತಲೇ ಇರುತ್ತಾರೆ.

ಸಿಡ್ನಿ ಕನ್ನಡತಿ

ಆ "ಯಾರಾದರೂ" ಅನ್ನೋ ಮಾತೇ ನನಗೆ ಭಯ. ಹತ್ತು ಜನ ಇದ್ದಾಗ ಪ್ರತಿಯೊಬ್ಬರೂ ಇನ್ನೊಬ್ಬರು ನೋಡ್ತಿದ್ದಾರೆ ಅಂದ್ಕೋತಾರೆ. ಕಡುಬು ಬಡಿಸೋ ಹೊತ್ತಿಗೆ ಯಾರೂ ನೋಡ್ತಿರಲ್ಲ.

ಇಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಮನೆ ಹಿಂದೆ ಕೊಳ ಇದ್ದರೆ ಬೇಲಿ ಕಡ್ಡಾಯ, 1992ರಿಂದ ಇದಕ್ಕೇ ಪ್ರತ್ಯೇಕ ಕಾಯ್ದೆ ಇದೆ. ಕೊಳವನ್ನ ಸರ್ಕಾರದ ಪಟ್ಟಿಯಲ್ಲಿ ನೋಂದಾಯಿಸಬೇಕು. ಬೇಲಿ 1.2 ಮೀಟರ್ ಎತ್ತರ, ಸರಳುಗಳ ನಡುವೆ 10 ಸೆಂಟಿಮೀಟರ್‌ಗಿಂತ ಹೆಚ್ಚು ಸಂದು ಇರಬಾರದು. ಗೇಟು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ಕೈ ಬಿಟ್ಟ ತಕ್ಷಣ ತಾನೇ ಮುಚ್ಚಿ ಚಿಲಕ ಬೀಳಬೇಕು. ಬೇಲಿ ಪಕ್ಕ ಮಗು ಹತ್ತೋ ಥರ ಕುಂಡ, ಕುರ್ಚಿ ಇಡೋಹಾಗಿಲ್ಲ. ಉಸಿರು ಕೊಡೋದು ಹೇಗೆ ಅಂತ ಚಿತ್ರ ಇರೋ ಫಲಕ ಕೊಳದ ಪಕ್ಕದಲ್ಲೇ ಹಾಕಿರಬೇಕು. ನಾವು ಮನೆ ಕೊಂಡಾಗ ಗೇಟಿನ ಸ್ಪ್ರಿಂಗ್ ಸಡಿಲ ಅಂತ ತಪಾಸಣೆಗೆ ಬಂದವರು ಸಹಿ ಹಾಕಲಿಲ್ಲ. ಆಗ ಬೈಕೊಂಡಿದ್ದೆ.

ಧಾರವಾಡ ಪೇಢೆ

ಅಕ್ಕಾರ, ಆಸ್ಟ್ರೇಲಿಯಾದ ಕಾಯ್ದೆ ತೀರ್ಥಹಳ್ಳಿಗೆ ಯಾಕ್ರಿ? ನಾವೆಲ್ಲಾ ಹೊಲದ ಬಾವ್ಯಾಗ ಬೆಂಡು ಕಟಗೊಂಡು ಈಸ ಕಲ್ತವ್ರು. ಅಪ್ಪ ಎತ್ತಿ ಒಗದ, ನಾವ ಈಸಿದ್ವಿ. ಯಾರ ಬೇಲಿ ಹಾಕಿದ್ರು?

ರಾತ್ರಿ ಪಾಳಿ (ಮಾರ್ಚ್ 12, ತಡರಾತ್ರಿ)

ನಾನು ಮಂಗಳೂರಿನಲ್ಲಿ ನರ್ಸ್. ಹೆಸರು, ಆಸ್ಪತ್ರೆ ಬೇಡ.

ಪೇಢೆ ಅಣ್ಣ, ಬಾವಿಯಲ್ಲಿ ಕಲಿತು ಮೇಲೆ ಬಂದವರು ಈ ಕಥೆ ಹೇಳುತ್ತೀರಿ. ಮೇಲೆ ಬಾರದವರು ಹೇಳಲಿಕ್ಕೆ ಇಲ್ಲ ಅಲ್ವಾ. 2024ರ ನವೆಂಬರಿನಲ್ಲಿ ನಮ್ಮ ಉಚ್ಚಿಲದ ಹತ್ತಿರ ರೆಸಾರ್ಟ್ ಕೊಳದಲ್ಲಿ ಮೈಸೂರಿನ ಮೂವರು ಹುಡುಗಿಯರು ತೀರಿಹೋದದ್ದು ನೆನಪಿರಬಹುದು. ಈಜು ಬರುತ್ತಿರಲಿಲ್ಲ, ಒಬ್ಬರು ಆಳದ ಕಡೆಗೆ ಹೋದರು, ಉಳಿಸಲು ಹೋದವರೂ ಹೋದರು. ಅದು ಸಮುದ್ರ ಅಲ್ಲ, ಹೊಳೆ ಅಲ್ಲ, ಟೈಲ್ಸ್ ಹಾಕಿದ ಕೊಳ. ಅಡಕೆಮನೆಯವರ ಕೊಳದ ಐದು ಅಡಿ ತುದಿ ನಾಲ್ಕು ಮುಕ್ಕಾಲು ಅಡಿಯ ಹೆಂಗಸಿಗೆ ತಲೆ ಮೇಲೆ. ಮಕ್ಕಳ ಲೆಕ್ಕ ಹಾಗಿರಲಿ, ಅವರ ಅಮ್ಮಂದಿರಿಗೆ ಈಜು ಬರುತ್ತದಾ ಕೇಳಿ.

ಇನ್ನೊಂದು. ಮುಳುಗುವವರು ಕಿರುಚುತ್ತಾರೆ, ಕೈ ಬೀಸುತ್ತಾರೆ ಅಂತ ಎಲ್ಲರೂ ನಂಬಿದ್ದಾರೆ. ಬಾಯಿ ನೀರಿನ ಮೇಲೆ ಬರುವಷ್ಟು ಹೊತ್ತು ಉಸಿರು ಎಳೆಯಲಿಕ್ಕೇ ಸಾಲುವುದಿಲ್ಲ, ಕಿರುಚುವುದು ಎಲ್ಲಿಂದ? ಸಣ್ಣ ಮಗು ಸದ್ದಿಲ್ಲದೆ ಹೋಗುತ್ತದೆ, ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಒಬ್ಬರು ಕಾವಲು. ಫೋನ್ ಇಲ್ಲ, ಹರಟೆ ಇಲ್ಲ. ಕಾಲು ಗಂಟೆಗೆ ಆಳು ಬದಲು. ನಮ್ಮಲ್ಲಿ ಕುತ್ತಿಗೆಗೆ ಒಂದು ಸೀಟಿ ಹಾಕುತ್ತೇವೆ, ಸೀಟಿ ಯಾರ ಕುತ್ತಿಗೆಯಲ್ಲೋ ಅವರದೇ ಜವಾಬ್ದಾರಿ. ಊಟಕ್ಕೆ ಕರೆದರೆ ಮಕ್ಕಳೂ ನೀರಿನಿಂದ ಹೊರಗೆ.

ಮತ್ತೆ ಹಸಿರು ನೀರಿನ ವಿಷಯ. ತಳ ಕಾಣದ ನೀರಿನಲ್ಲಿ ಮಗು ಬಿದ್ದರೆ ಎಲ್ಲಿ ಹುಡುಕುತ್ತೀರಿ? ನಾಲ್ಕು ಅಡಿ ನೀರಿನಲ್ಲಿ ಕಾಲಿನಿಂದ ತಡಕಿ ಹುಡುಕಿದರು ಅಂತ ಹೇಳಿಕೊಂಡು ಅತ್ತ ಅಪ್ಪನನ್ನು ನಾನು ನೋಡಿದ್ದೇನೆ. ಇಷ್ಟು ಸಾಕು.

ಪಂಪ್‌ರೂಮ್ ಮೈಸೂರು (ಮಾರ್ಚ್ 13)

ಸಿಸ್ಟರ್ ಹೇಳಿದ್ದಕ್ಕೆ ಸೇರಿಸ್ತೀನಿ. ನಮ್ಮ ಕೆಲಸದಲ್ಲಿ ಒಂದೇ ನಿಯಮ: ದಡದಲ್ಲಿ ನಿಂತು ಆಳದ ತುದಿಯ ತಳದ ಜಾಲರಿ (ಪಂಪ್ ನೀರು ಎಳೆಯೋ ತೂತಿನ ಮುಚ್ಚಳ) ಸ್ಪಷ್ಟ ಕಾಣಬೇಕು, ಅದರ ಸ್ಕ್ರೂ ಎಣಿಸೋ ಹಾಗಿರಬೇಕು. ಕಾಣದಿದ್ರೆ ಯಾರೂ ಇಳಿಯೋ ಹಾಗಿಲ್ಲ, ಕ್ಲೋರಿನ್ ಎಷ್ಟೇ ಸರಿ ಇರಲಿ. ಸಾರ್, ಅರ್ಧ ನೀರು ತೆಗೆದಾಗ ಆ ಜಾಲರಿ ಒಂದು ಸಲ ಕೈಯಲ್ಲಿ ಅಲ್ಲಾಡಿಸಿ ನೋಡಿ. ಪಂಪ್ ಮಾತ್ರ ಬಂದ್ ಇರ್ಲಿ.

ಅಡಕೆಮನೆ (ಮಾರ್ಚ್ 14)

ಇವತ್ತು ಅರ್ಧ ನೀರು ತೆಗೆದೆ. ಕೆಲಸದ ಹುಡುಗ ಇಳಿದು ನೋಡಿದ. ಜಾಲರಿಗೆ ನಾಲ್ಕು ಸ್ಕ್ರೂ ಇರಬೇಕಿತ್ತು, ಎರಡೇ ಇವೆ. ಒಂದು ಮೂಲೆ ಎತ್ತಿದರೆ ಏಳುತ್ತದೆ. ತಳದಲ್ಲಿ ಜಾಲರಿ ಒಂದೇ ಇರುವುದು. ಒಂದು ಚಪ್ಪಲಿ, ಎರಡು ಕಪ್ಪೆ ಮತ್ತು ಹೋದ ವರ್ಷ ಕಳೆದುಹೋಗಿದ್ದ ನನ್ನ ಕನ್ನಡಕವೂ ಸಿಕ್ಕಿತು.

ಪಂಪ್‌ರೂಮ್ ಮೈಸೂರು

ಕಪ್ಪೆ ಬಿಡಿ, ಆ ಜಾಲರಿ ಸರಿ ಮಾಡೋವರೆಗೆ ಮಕ್ಕಳು ಇಳಿಯಬಾರದು. ಒಂದೇ ತೂತು ಇದ್ದಾಗ ಪಂಪಿನ ಪೂರ್ತಿ ಎಳೆತ ಅಲ್ಲೇ ಇರುತ್ತೆ. ಮಗುವಿನ ಜಡೆ, ಕೈ, ಹೊಟ್ಟೆ ಅದಕ್ಕೆ ಕಚ್ಚಿಕೊಂಡ್ರೆ ದೊಡ್ಡವರು ಎಳೆದ್ರೂ ಬಿಡಲ್ಲ, ಪಂಪ್ ನಿಲ್ಲಿಸಬೇಕು. ಅದಕ್ಕೇ ಹೊಸ ಕೊಳಗಳಲ್ಲಿ ದೂರ ದೂರ ಎರಡು ಜಾಲರಿ ಹಾಕ್ತಾರೆ, ಒಂದು ಮುಚ್ಚಿದ್ರೆ ಇನ್ನೊಂದು ಎಳೀಲಿ ಅಂತ. ಅಮೆರಿಕದಲ್ಲಿ ಇಂಥ ಸಾವುಗಳಾದ ಮೇಲೆ 2007ರಲ್ಲಿ ಕಾನೂನೇ ಮಾಡಿದ್ರು. ನೀವು ಸದ್ಯಕ್ಕೆ ಮೇಲೆ ಉಬ್ಬಿರೋ ಥರದ ಹೊಸ ಮುಚ್ಚಳ ಸ್ಟೀಲ್ ಸ್ಕ್ರೂ ಹಾಕಿ ಕೂರಿಸಿ, ಪಂಪ್ ಮನೆಯಲ್ಲಿ ತಳದ ವಾಲ್ವ್ ಮುಕ್ಕಾಲು ಮುಚ್ಚಿ ಸ್ಕಿಮ್ಮರ್ (ಮೇಲ್ಮೈ ನೀರು ಎಳೆಯೋ ಬಾಯಿ) ಕಡೆಯಿಂದ ಎಳೆಸಿ. ಪಂಪಿನ ಸ್ವಿಚ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ತೋರಿಸಿ. ಜಡೆ ಗಂಟು ಕಟ್ಟಿ ಇಳಿಸಿ.

ಸ್ವಿಚ್ ಅಂದ ಮೇಲೆ, ಆ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇದೆಯಾ? ನೀರೊಳಗಿನ ಲೈಟು 12 ವೋಲ್ಟಿನದ್ದಾ?

ಅಡಕೆಮನೆ

ಲೈಟು 12 ವೋಲ್ಟು. ಆರ್‌ಸಿಸಿಬಿ ಇರಲಿಲ್ಲ. ಎಲೆಕ್ಟ್ರಿಷಿಯನ್ ನಾಳೆ ಬರುತ್ತಾನೆ. ಅರ್ಥಿಂಗ್ ಗುಂಡಿಯನ್ನೂ ನೋಡು ಅಂದಿದ್ದೇನೆ.

ಬ್ಲಾಕ್ ಸಿ ಕಾರ್ಯದರ್ಶಿ (ಮಾರ್ಚ್ 15)

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನೀರು ಸಮಿತಿಯಲ್ಲಿದ್ದೀನಿ. ಅರ್ಧ ನೀರು ಚೆಲ್ಲಿದರಲ್ಲ ಅಂತ ಹೊಟ್ಟೆ ಉರೀತು. 2024ರ ಮಾರ್ಚಿನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿತು, ಮೀರಿದರೆ 5,000 ರೂಪಾಯಿ ದಂಡ. ನಮ್ಮದು ಆ ಇಡೀ ಬೇಸಿಗೆ ಮುಚ್ಚಿತ್ತು.

ಮುಚ್ಚಿದಾಗ ಒಂದು ತಪ್ಪು ಮಾಡಿದೆವು, ಹೇಳ್ತೀನಿ. ನೀರು ಹಾಗೇ ಬಿಟ್ಟು ಪಂಪ್ ನಿಲ್ಲಿಸಿದೆವು. ಮೂರು ವಾರಕ್ಕೆ ಸೊಳ್ಳೆ ಮರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ನಿಂತ ತಿಳಿನೀರೇ ಸಾಕು. ಅದೇ ವರ್ಷ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೂ ದಂಡ ಹಾಕ್ತು. ಬಳಸದಿದ್ದರೂ ಪಂಪ್ ಓಡಲೇಬೇಕು, ಕ್ಲೋರಿನ್ ಇರಲೇಬೇಕು.

ನೀರು ಉಳಿಸಬೇಕಾ, ಹೊದಿಕೆ ಹಾಕಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ನಿಮ್ಮ ಕೊಳಕ್ಕೆ 160 ಲೀಟರ್. ಅದಕ್ಕಿಂತ ತುಂಬಾ ಹೆಚ್ಚು ಇಳೀತಿದ್ದರೆ ಸೋರಿಕೆ ಇರಬಹುದು. ಬಕೆಟ್ ಒಂದಕ್ಕೆ ಕೊಳದ ನೀರು ತುಂಬಿ ಮೆಟ್ಟಿಲ ಮೇಲೆ ಇಡಿ, ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ. ಒಂದು ದಿನದಲ್ಲಿ ಬಕೆಟ್‌ಗಿಂತ ಕೊಳ ಜಾಸ್ತಿ ಇಳಿದರೆ ಎಲ್ಲೋ ಹೋಗ್ತಿದೆ.

ಸಿಡ್ನಿ ಕನ್ನಡತಿ

ಹೊದಿಕೆ ಬಗ್ಗೆ ಒಂದು ಎಚ್ಚರ. ನೀರಿನ ಮೇಲೆ ತೇಲೋ ಗುಳ್ಳೆ ಹೊದಿಕೆ ಬೇಲಿಗೆ ಬದಲಿ ಅಲ್ಲ. ಮಗು ಅದರ ಮೇಲೆ ಕಾಲಿಟ್ಟರೆ ಮಡಚಿಕೊಂಡು ಒಳಗೆ ಹೋಗುತ್ತೆ, ಮೇಲಿಂದ ಕಾಣೋದೂ ಇಲ್ಲ. ಮಕ್ಕಳು ಇಳಿಯೋ ಮೊದಲು ಪೂರ್ತಿ ಸುತ್ತಿ ತೆಗೀಬೇಕು, ಅರ್ಧ ಬಿಡಬಾರದು.

ಹೋಂಸ್ಟೇ ಮೂಡಿಗೆರೆ (ಮಾರ್ಚ್ 16)

ನಮ್ಮಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ, ನಗಬೇಡಿ. ಹಳೆ ಬ್ಲೀಚಿಂಗ್ ಪೌಡರ್ ಡಬ್ಬದಲ್ಲಿ ಸ್ವಲ್ಪ ಉಳಿದಿತ್ತು. ಹೊಸದಾಗಿ ಬಂದ ಟಿಸಿಸಿಎ ಹರಳು ಅದೂ ಬಿಳಿ, ಇದೂ ಬಿಳಿ. ನಮ್ಮ ಹುಡುಗ ಒಂದಕ್ಕೆ ಹಾಕಿದ ಚಮಚವನ್ನೇ ಇನ್ನೊಂದಕ್ಕೂ ಹಾಕಿದ. ಕೈ ಒದ್ದೆ ಇತ್ತು. ಚುರ್ ಅಂತ ಸದ್ದು, ಹೊಗೆ, ಹಳದಿ ಘಾಟು. ಓಡಿ ಹೊರಗೆ ಬಂದ ಕಾರಣ ಬದುಕಿದ. ಎರಡು ದಿನ ಕೆಮ್ಮಿದ.

ರಸಾಯನ ಮೇಷ್ಟ್ರು

ನಗುವ ವಿಷಯವೇ ಅಲ್ಲ. ಎರಡೂ "ಕ್ಲೋರಿನ್" ಅಂತ ಅಂಗಡಿಯಲ್ಲಿ ಕೊಟ್ಟರೂ ಒಂದು ಹುಳಿ, ಒಂದು ಸುಣ್ಣದ ಜಾತಿ. ಒದ್ದೆಯಲ್ಲಿ ಸೇರಿದರೆ ಬೆಂಕಿ, ಸ್ಫೋಟ, ಕ್ಲೋರಿನ್ ಅನಿಲ, ಯಾವುದು ಬೇಕಾದರೂ ಆಗಬಹುದು. ಆಸಿಡ್ ಡಬ್ಬಿಯನ್ನೂ ಅದೇ ಕಪಾಟಿನಲ್ಲಿ ಇಡಬಾರದು. ಒಂದೊಂದಕ್ಕೆ ಒಂದೊಂದು ಒಣ ಚಮಚ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಹುಯ್ಯಬಾರದು. ಸ್ಕಿಮ್ಮರಿಗೆ ಟಿಸಿಸಿಎ ಮಾತ್ರೆ ಹಾಕಿದವರು ಅಲ್ಲಿಗೇ ಬ್ಲೀಚಿಂಗ್ ಸುರಿಯಬಾರದು, ಪೈಪಿನೊಳಗೆ ಸೇರಿಕೊಳ್ಳುತ್ತವೆ.

ಹೋಂಸ್ಟೇ ಮೂಡಿಗೆರೆ

ಅದಕ್ಕೇ ಈಗ ಕ್ಲೋರಿನ್ ಇಲ್ಲದ ಉಪ್ಪು ನೀರಿನ ಯಂತ್ರ ಹಾಕಿಸೋಣ ಅಂತಿದ್ದೇನೆ. ಕಣ್ಣುರಿ, ವಾಸನೆ ಎರಡೂ ಇರುವುದಿಲ್ಲವಂತೆ.

ರಸಾಯನ ಮೇಷ್ಟ್ರು

ಯಾರೋ ಸರಿಯಾಗಿ ಮಾರಿದ್ದಾರೆ. ಆ ಯಂತ್ರ ಉಪ್ಪಿನಿಂದ ಕ್ಲೋರಿನ್ನನ್ನೇ ತಯಾರಿಸುತ್ತದೆ. ಡಬ್ಬ ಹೊರುವ ಕೆಲಸ ತಪ್ಪುತ್ತದೆ, ಒಪ್ಪಿದೆ. ಅಡಕೆಮನೆಯವರ ಅಳತೆಯ ಕೊಳಕ್ಕಾದರೆ 50 ಕಿಲೋದ ಮೂರು ಚೀಲ ಉಪ್ಪು ಬೇಕು, ಆಮೇಲೆ ಆ ನೀರನ್ನು ಕಾಫಿ ಗಿಡಕ್ಕೆ ಬಿಡುವಂತಿಲ್ಲ. ಕಣ್ಣುರಿ, ಘಾಟು ವಾಸನೆ ಬರುವುದು ಕ್ಲೋರಿನ್ ಹೆಚ್ಚಾಗಿ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಆಗುವ ಕ್ಲೋರಮೈನ್. ಇಳಿಯುವ ಮೊದಲು ಎಲ್ಲರೂ ಒಂದು ಚೊಂಬು ಮೈಮೇಲೆ ಹಾಕಿಕೊಂಡು ಸೋಪು ತಿಕ್ಕಿ ಬಂದರೆ ಅರ್ಧ ವಾಸನೆ ಅಲ್ಲೇ ಮುಗಿಯಿತು. ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಇಳಿಯುವ ನಮ್ಮವರಿಗೆ ಇದನ್ನು ಹೇಳುವುದು ಕಷ್ಟ.

ಧಾರವಾಡ ಪೇಢೆ (ಮಾರ್ಚ್ 17)

ಸಿಸ್ಟರ್, ನಿಮ್ಮ ಮಾತು ಓದಿ ಎರಡ ದಿನ ಏನೂ ಬರೀಲಿಲ್ಲ. ನಮ್ಮ ಮನ್ಯಾಗ ಐದು ವರ್ಷದ ಮಗಳ ಅದಾಳ, ಹಿತ್ತಲದಾಗ ಸಂಪ್ ಮ್ಯಾಗ ತಗಡ ಮುಚ್ಚೇವಿ ಅಷ್ಟ. ಇವತ್ತ ಕೀಲಿ ಹಾಕಿದ ಮುಚ್ಚಳ ಮಾಡಸಾಕ ಹೇಳಿ ಬಂದೆ. ಒಂದ ಕೇಳ್ತೀನ್ರಿ, ಮುಳುಗಿದವರನ್ನ ತಲೆಕೆಳಗ ಮಾಡಿ ತಿರುಗಿಸಿ ಹೊಟ್ಟಿ ಒತ್ತಿ ನೀರ ತಗೀಬೇಕಂತಾರಲ್ಲ, ಅದು ಖರೇನ?

ರಾತ್ರಿ ಪಾಳಿ

ಅಲ್ಲ ಅಣ್ಣ. ಹೊಟ್ಟೆ ಒತ್ತಿದರೆ ಹೊಟ್ಟೆಯ ನೀರು, ಅನ್ನ ಶ್ವಾಸಕ್ಕೆ ಹೋಗುತ್ತದೆ. ತಿರುಗಿಸುವಷ್ಟರಲ್ಲಿ ನಿಮಿಷ ಕಳೆಯುತ್ತದೆ, ಮಿದುಳಿಗೆ ಇರುವುದೇ ಕೆಲವು ನಿಮಿಷ.

ಮೇಲೆತ್ತಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರು ಇಲ್ಲದಿದ್ದರೆ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಐದು ಸಲ ಊದಿ, ಎದೆ ಏಳುವುದು ಕಾಣಬೇಕು. ಮುಳುಗಿದವರಿಗೆ ಬೇಕಾದದ್ದು ಮೊದಲು ಗಾಳಿ. ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಸಲ ಊದು. ನಿಮಿಷಕ್ಕೆ 100–120ರ ವೇಗ, ಮಗುವಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ ಇಳಿಯಬೇಕು. ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ ಸ್ಪೀಕರ್ ಹಾಕಲಿ. ಬಾಯಲ್ಲಿ ನೊರೆ ಬಂದರೂ ನಿಲ್ಲಿಸಬೇಡಿ. ಮಗು ಕೆಮ್ಮಿ ಎದ್ದು ಕೂತರೂ ಆಸ್ಪತ್ರೆಗೆ ಒಯ್ಯಲೇಬೇಕು, ಕೆಲವು ಗಂಟೆ ಕಳೆದು ಉಸಿರು ಕೆಡಬಹುದು. ಬರೆದದ್ದು ಓದಿದರೆ ಕೈಗೆ ಬರುವುದಿಲ್ಲ, ಒಂದು ದಿನದ ತರಬೇತಿಗೆ ಹೋಗಿ ಬನ್ನಿ.

ಉಪ್ಪಿನ ರಾಶಿಯಲ್ಲಿ ಮುಚ್ಚಿದರೆ ಜೀವ ಬರುತ್ತದೆ ಅನ್ನುವ ಸಂದೇಶ ಯಾರಿಗೆ ಬಂದರೂ ಅಲ್ಲೇ ಅಳಿಸಿ. 2023ರ ಕೊನೆಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಇಬ್ಬರು ಹುಡುಗರ ಶವಗಳನ್ನು ಹಾಗೆ ಉಪ್ಪಿನಲ್ಲಿ ಇಟ್ಟು ಗಂಟೆಗಟ್ಟಲೆ ಕಾದರು. ಆ ತಂದೆ ತಾಯಿಯನ್ನು ಬೈಯುವ ಮನಸ್ಸು ಬರುವುದಿಲ್ಲ, ಆ ಸಂದೇಶ ಕಳಿಸಿದವರನ್ನು ಬೈಯುತ್ತೇನೆ.

ಮತ್ತೆ ಈಜು ಬಾರದವರು ಉಳಿಸಲು ಹಾರಬೇಡಿ. ಅಡಕೆಮನೆಯವರಲ್ಲಿ ದೋಟಿ ಇರುತ್ತದಲ್ಲ, ಕತ್ತಿ ಬಿಚ್ಚಿದ್ದೊಂದನ್ನು ಕೊಳದ ಪಕ್ಕದಲ್ಲೇ ಮಲಗಿಸಿಡಿ. ದಡದಲ್ಲಿ ಮಲಗಿ ಅದನ್ನು ಚಾಚಿ. ಟೈರ್ ಟ್ಯೂಬಿಗೆ ಹಗ್ಗ ಕಟ್ಟಿದರೂ ಆಯಿತು. ಮಕ್ಕಳ ತೋಳಿಗೆ ಹಾಕುವ ಗಾಳಿ ಚೀಲ ಆಟದ ಸಾಮಾನು, ಅದನ್ನು ನಂಬಬೇಡಿ.

ಸಿಡ್ನಿ ಕನ್ನಡತಿ

ದೊಡ್ಡ ಮಕ್ಕಳದ್ದೂ ಒಂದು. ಒಂಬತ್ತು ವರ್ಷದವನಿಗೆ ನೀರೊಳಗೆ ಯಾರು ಜಾಸ್ತಿ ಹೊತ್ತು ಉಸಿರು ಹಿಡೀತಾರೆ ಅನ್ನೋ ಪಂದ್ಯ ಬೇಡ ಅನ್ನಿ. ಜೋರಾಗಿ ಉಸಿರಾಡಿ ಒಳಗೆ ಹೋದ್ರೆ ಎಚ್ಚರಿಕೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತೆ, ಚೆನ್ನಾಗಿ ಈಜೋರಿಗೂ. ಐದು ಅಡಿಗೆ ತಲೆ ಕೆಳಗಾಗಿ ಡೈವ್ ಅಂತೂ ಬೇಡವೇ ಬೇಡ, ಕತ್ತು ಮುರಿಯುತ್ತೆ.

ಬ್ಲಾಕ್ ಸಿ ಕಾರ್ಯದರ್ಶಿ

ಗುಡುಗು ಕೇಳಿದ ಕೂಡಲೇ ಎಲ್ಲರೂ ಹೊರಗೆ, ಕೊನೆ ಗುಡುಗಾಗಿ ಅರ್ಧ ಗಂಟೆ ನೀರಿಗೆ ಇಳಿಯೋ ಹಾಗಿಲ್ಲ. ಏಪ್ರಿಲ್ ಸಂಜೆ ನಿಮ್ಮ ಕಡೆ ದಿನಾ ಗುಡುಗುತ್ತಲ್ಲ. ಕೇರಳದ ಮಿದುಳು ತಿನ್ನುವ ಅಮೀಬಾ ಸುದ್ದಿ ಓದಿದವರಿಗೆ ಒಂದು ಮಾತು: ಅದು ಬೆಚ್ಚಗಿನ ಸಿಹಿನೀರಲ್ಲಿ ಇರುತ್ತೆ, ಮೂಗಿನಿಂದ ಒಳಗೆ ಹೋಗುತ್ತೆ, ಕುಡಿದರೆ ಬರಲ್ಲ. ಕ್ಲೋರಿನ್ ಸರಿಯಾಗಿರೋ ಕೊಳದಲ್ಲಿ ಬದುಕಲ್ಲ. ಹಸಿರು ಕೊಳದ ಮಾತು ಬೇರೆ.

ಅಡಕೆಮನೆ (ಮಾರ್ಚ್ 24)

ವರದಿ ಒಪ್ಪಿಸುತ್ತೇನೆ. ಅರ್ಧ ಹೊಸ ನೀರು ತುಂಬಿತು. ಸೋಡಾ ಮೂರು ದಿನದಲ್ಲಿ ಎರಡೂವರೆ ಕಿಲೋ ಹೋಯಿತು, ಪಿಎಚ್ 7.4. ಮೆಟ್ಟಿಲ ಹತ್ತಿರ ಸ್ವಲ್ಪ ಕಪ್ಪು ಕಲೆ ಬಂದಿದೆ, ಮೇಷ್ಟ್ರು ಹೇಳಿದ ತಾಮ್ರ ಅದೇ ಇರಬೇಕು, ಅದು ನನಗೆ ಆಗಬೇಕಾದ್ದೇ. ಹೈಪೋ ಮೊದಲ ದಿನ ನಾಲ್ಕು ಲೀಟರ್, ಮರುದಿನ ಮೂರು, ಆಮೇಲೆ ಎರಡು, ಒಂದು. ಐದನೇ ದಿನ ಮಜ್ಜಿಗೆ ನೀರಿನ ಹಾಗಾಯಿತು. ಒಂದು ವಾರಕ್ಕೆ ತಳ ಕಂಡಿತು. ನಿನ್ನೆ ದಡದಲ್ಲಿ ನಿಂತು ಜಾಲರಿಯ ನಾಲ್ಕೂ ಸ್ಕ್ರೂ ಎಣಿಸಿದೆ, ಹೊಸ ಕನ್ನಡಕ ಹಾಕಿಕೊಂಡೇ.

ಬೇಲಿಗೆ ಕಬ್ಬಿಣದ್ದು ಕೇಳಿದರೆ ಬೆಲೆ ಕೇಳಿ ತಲೆ ತಿರುಗಿತು. ಅಡಕೆ ದಬ್ಬೆ ನಮ್ಮಲ್ಲೇ ಇದೆ. ಆಳು ಮೊದಲು ಉಣುಗೋಲಿನ ಹಾಗೆ ಅಡ್ಡಡ್ಡ ಕಟ್ಟಲು ಹೊರಟಿದ್ದ. ಅದು ಮಗುವಿಗೆ ಏಣಿ ಇಟ್ಟ ಹಾಗಾಗುತ್ತದೆ ಅಂತ ನಿಲ್ಲಿಸಿದೆ. ದಬ್ಬೆ ನೆಟ್ಟಗೆ ನಿಲ್ಲಿಸಿ, ನಾಲ್ಕೂಕಾಲು ಅಡಿ ಎತ್ತರ, ನಡುವೆ ನನ್ನ ಮುಷ್ಟಿ ದಾಟದಷ್ಟು ಸಂದು. ಅಡ್ಡ ಪಟ್ಟಿ ಕೊಳದ ಒಳಮಗ್ಗುಲಿಗೆ. ಸರಿ ಇದೆಯಾ ತಂಗಿ?

ಸಿಡ್ನಿ ಕನ್ನಡತಿ

ಅಂಕಲ್, ನಮ್ಮ ತಪಾಸಣೆಯವರು ಬಂದರೂ ತಲೆ ಆಡಿಸಿ ಹೋಗ್ತಾರೆ. ದಬ್ಬೆ ಮಳೆಗೆ ಲಡ್ಡಾಗುತ್ತೆ, ವರ್ಷಕ್ಕೊಮ್ಮೆ ಅಲ್ಲಾಡಿಸಿ ನೋಡಿ ಬದಲಾಯಿಸಿ. ಗೇಟು?

ಅಡಕೆಮನೆ

ಗೇಟು ಹೊರಗೆ ತೆರೆಯುತ್ತದೆ. ಸ್ಪ್ರಿಂಗ್ ತೀರ್ಥಹಳ್ಳಿಯಲ್ಲಿ ಸಿಗಲಿಲ್ಲ. ಬಾವಿಯ ಹಳೆ ರಾಟೆ ಇತ್ತು, ಅದಕ್ಕೆ ಹಗ್ಗ ಹಾಕಿ ಒಂದು ಕಲ್ಲು ನೇತು ಹಾಕಿದೆ. ಬಿಟ್ಟರೆ ಧಡ್ ಅಂತ ಮುಚ್ಚುತ್ತದೆ. ಚಿಲಕ ಐದು ಅಡಿ ಮೇಲೆ. ಮೊದಲ ದಿನವೇ ನನ್ನ ಹಿಮ್ಮಡಿಗೆ ಹೊಡೆಯಿತು. ಮನೆಯವಳು ನಕ್ಕಳು, ಆಮೇಲೆ ಅವಳಿಗೂ ಹೊಡೆಯಿತು. ಸೀಟಿ ಎರಡು ತಂದಿದ್ದೇನೆ. ಸೊಸೆಯಂದಿರಿಗೆ ಈಜು ಬರುವುದಿಲ್ಲ ಅಂತ ಕೇಳಿದ ಮೇಲೆ ಗೊತ್ತಾಯಿತು, ಇಷ್ಟು ವರ್ಷ ಕೇಳಿಯೇ ಇರಲಿಲ್ಲ. ಮೂರೂವರೆ ಅಡಿ ಮುಗಿಯುವಲ್ಲಿ ಅಡ್ಡಕ್ಕೆ ಬೆಂಡು ಪೋಣಿಸಿದ ಹಗ್ಗ ಕಟ್ಟಿದ್ದೇನೆ.

ಧಾರವಾಡ ಪೇಢೆ

ಬೆಂಡು ನನ್ನ ಕೊಡುಗೆ ಅಂತ ತಿಳ್ಕೋತೀನ್ರಿ ಅಜ್ಜಾರ.

ಪಂಪ್‌ರೂಮ್ ಮೈಸೂರು (ಮಾರ್ಚ್ 25)

ಸಾರ್, ಫಿಲ್ಟರ್ ಮೇಲಿನ ಒತ್ತಡದ ಗೇಜ್ ಎಷ್ಟು ತೋರಿಸ್ತಿದೆ? ಅಷ್ಟು ಸತ್ತ ಪಾಚಿ ಹಿಡಿದಿದೆ, ಮರಳು ಕಟ್ಟಿಕೊಂಡಿರುತ್ತೆ.

ಅಡಕೆಮನೆ

ಶುರುವಿಗೆ 9 ಇತ್ತು. ಈಗ 18.

ಪಂಪ್‌ರೂಮ್ ಮೈಸೂರು

ಇವತ್ತೇ ಬ್ಯಾಕ್‌ವಾಷ್ (ನೀರು ಉಲ್ಟಾ ಹರಿಸಿ ಮರಳು ತೊಳೆಯೋದು) ಮಾಡಿ. ಮೊದಲು ಪಂಪ್ ಆಫ್, ಆಮೇಲೆ ಹಿಡಿ ತಿರುಗಿಸಿ. ಓಡ್ತಿರುವಾಗ ತಿರುಗಿಸಿದ್ರೆ ಒಳಗಿನ ರಬ್ಬರ್ ಹರಿದುಹೋಗುತ್ತೆ. ಗಾಜಿನಲ್ಲಿ ನೀರು ತಿಳಿಯಾಗೋವರೆಗೆ ಮೂರು ನಿಮಿಷ, ಆಮೇಲೆ ರಿನ್ಸ್ ಅರ್ಧ ನಿಮಿಷ. ಆ ನೀರಲ್ಲಿ ಕ್ಲೋರಿನ್ ಇರುತ್ತೆ, ಎರಡು ದಿನ ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟು ತೋಟಕ್ಕೆ ಹಾಕಿ.

ಅಡಕೆಮನೆ

ಆಯಿತು. 10ಕ್ಕೆ ಇಳಿಯಿತು.